ಕಮ್ಮಿ ಬಿದ್ದ ಒಂದು ಸಾಲು

ಜೂನ್ ೧೧, ಮಂಗಳವಾರ

ಆ ಸಾಲು ತಲೆಯಿಂದ ಹೋಗುತ್ತಲೇ ಇಲ್ಲ. "ಎರಡು ವರ್ಷದ ಮಗುವನ್ನೂ ನಿಶ್ಚಿಂತೆಯಿಂದ ಮಲಗಿಸಬಹುದು." ನನ್ನ ಆನ್‌ಲೈನ್ ಅಂಗಡಿಯಲ್ಲಿ ಬಟ್ಟೆ ತೊಟ್ಟಿಲಿನ ಚಿತ್ರದ ಕೆಳಗಿತ್ತು. ಅದು ಎಳೆಗೂಸಿನ ತೊಟ್ಟಿಲು. ಕೊಕ್ಕೆ ಅಷ್ಟು ಭಾರ ತಡೆಯುವುದಿಲ್ಲ.

ಬರೆದ ಹುಡುಗಿಗೆ ಫೋನ್ ಮಾಡಿದೆ. ಹೊಸದಾಗಿ ಹಿಡಿದ ಫ್ರೀಲಾನ್ಸರ್. ಅವಳ ಮುಖ ನಾನು ಕಂಡಿಲ್ಲ, ತೊಟ್ಟಿಲನ್ನು ಅವಳು ಕಂಡಿಲ್ಲ. ಫೋಟೊ ಕಳಿಸಿದ್ದೆ, ಅಷ್ಟೆ.

"ಎರಡು ವರ್ಷ ಅಂತ ಯಾರಮ್ಮಾ ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ಲ ಮೇಡಂ. ನೂರು ಪದ ಬೇಕೇ ಬೇಕು ಅಂದಿದ್ರಲ್ಲ, ಒಂದು ಸಾಲು ಕಮ್ಮಿ ಬಿತ್ತು."

ಫೋನ್ ಇಟ್ಟೆ. ನೂರು ಪದ ಇದೆಯೇ ಎಂದಷ್ಟೇ ನೋಡಿ, ಓದದೆ ಅಂಗಡಿಗೆ ಏರಿಸಿದವಳು ನಾನೇ.

ಸಾಲು ಅಳಿಸಿ, ಕೊಂಡವರಿಗೆಲ್ಲ "ತೊಟ್ಟಿಲು ಈಗಲೇ ಬಿಚ್ಚಿಡಿ" ಎಂದು ಮೆಸೇಜ್ ಹಾಕಿದೆ. ಒಬ್ಬಾಕೆಯ ಹೊರತು ಎಲ್ಲರೂ ಉತ್ತರಿಸಿದರು. ಕೊಂಡ ದಿನ ಆಕೆ ಬರೆದದ್ದು ಇನ್ನೂ ಅಲ್ಲೇ ಇದೆ: "ನಮ್ಮ ಗುಂಡನಿಗೆ ಮೊನ್ನೆ ಎರಡು ತುಂಬಿತು. ನೀವು ಬರೆದದ್ದು ಓದಿ ಧೈರ್ಯ ಬಂತು."

ಫೋನ್ ಮಾಡುತ್ತಲೇ ಇದ್ದೇನೆ. ರಿಂಗಾಗುತ್ತದೆ, ಎತ್ತುವುದಿಲ್ಲ. ಮಗು ಮಲಗಿರಬೇಕು, ಅದಕ್ಕೇ ಫೋನಿನ ಸದ್ದು ನಿಲ್ಲಿಸಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಲಗಿರುವುದು ಎಲ್ಲಿ ಎಂದು ಆಮೇಲೆ ಹೊಳೆಯಿತು.