ಬಟ್ಟೆ ಬಡಿಯುವ ಹಾಡು

ಡಿಸೆಂಬರ್ ೬, ೧೯೭೮. ಬುಧವಾರ

ಕಲ್ಲಿದ್ದಲು ಸಾಗಿಸುವ ಬೆಲ್ಟು ಇವತ್ತು ಎರಡು ಸಲ ನಿಂತಿತು. ಕೈಗವಸು ಮತ್ತೆ ಹರಿದಿದೆ. ಕಲ್ಲಿದ್ದಲಿನಲ್ಲಿ ಕಲ್ಲು ಆರಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೇ. ಇಲ್ಲಿ ಅಕ್ಕಿಯೂ ಕಪ್ಪು, ಕಲ್ಲೂ ಕಪ್ಪು, ಅಷ್ಟೇ ವ್ಯತ್ಯಾಸ. ಗಣಿಯೊಳಗೆ ಗಂಡ ಸತ್ತರೆ ಹೆಂಡತಿಗೆ ಬೆಲ್ಟಿನ ಪಕ್ಕ ಒಂದು ಜಾಗ ಕೊಡುತ್ತಾರೆ. ನಮ್ಮ ಸಾಲಿನಲ್ಲಿ ನಿಂತವರೆಲ್ಲ ಹಾಗೆ ಬಂದವರೇ. ನಾನೂ.

ಸಂಜೆ ಚರ್ಚಿನಲ್ಲಿ ಹಾಡಿನ ಅಭ್ಯಾಸ. ಕ್ರಿಸ್‌ಮಸ್ ನಸುಕಿನಲ್ಲಿ ಮನೆಮನೆಗೆ ಹೋಗಿ ಹಾಡಬೇಕಲ್ಲ. ನಮ್ಮ ಗಣಿ ಊರು ಮೊಕ್‌ಗೋಲ್‌ನಲ್ಲಿ ಒಂದೊಂದು ಮನೆಗೂ ಅದರದೇ ಹಾಡು. ಬೇರೆಯದು ಹಾಡಿದರೆ ಬಾಗಿಲು ತೆಗೆಯದವರೂ ಇದ್ದಾರೆ. ಯಾವ ಮನೆಗೆ ಯಾವುದು, ಯಾಕೆ ಅದೇ... ಎಲ್ಲ ನನ್ನ ತಲೆಯಲ್ಲಿದೆ.

ಪಾಸ್ಟರ್ ನಾಮ್ ಬಂದು ಹತ್ತಿರ ಕೂತರು. "ಒಕ್‌ಸಿಮ್ ಅಕ್ಕ, ಮಕ್ಕಳು ಗಿಣಿ ಥರ ಹಾಡ್ತಾವೆ. ಒಂದೊಂದು ಹಾಡಿನ ಹಿಂದಿನ ಕತೆ ನೀವು ಹೇಳ್ಬೇಕು. ಭಾನುವಾರ ಊಟ ಆದ್ಮೇಲೆ."

ಕತೆ ಹೇಳು ಎಂದರೆ ನಾನು ಬೇಡ ಅನ್ನುವವಳೇ?

ಡಿಸೆಂಬರ್ ೧೦, ಭಾನುವಾರ

ಹೇಳಿದೆ. ಶಾವಿಗೆ ಸಾರು ತಣ್ಣಗಾಗುವವರೆಗೆ ಹೇಳಿದೆ.

ಮೊದಲು ಕ್ಷೌರಿಕರ ಮನೆಯ ಹಾಡು. ಅವರ ಹಿರಿಯರ ಊರಿಗೆ ಅದನ್ನು ಕಲಿಸಲು ಒಬ್ಬ ವಿದೇಶಿ ಗುರು ಬಂದಿದ್ದನಂತೆ. ಮೂರು ಚರಣ ಕಲಿಸಿ ಜ್ವರ ಬಂದು ಸತ್ತ. ನಾಲ್ಕನೆಯದು ಯಾರಿಗೂ ಬರದು. ಅದಕ್ಕೇ ಮೂರು ಮುಗಿದ ಮೇಲೆ ಒಂದು ಚರಣದಷ್ಟು ಹೊತ್ತು ಸುಮ್ಮನೆ ನಿಂತು, ಆಮೇಲೆ ಆಮೆನ್.

ಎರಡನೆಯದು ಗಣಿಗಾರ ಪಿಲ್‌ಜೊನ ಮನೆಯ ಹಾಡು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಯುದ್ಧದ ಮೊದಲ ಚಳಿಗಾಲ. ಉತ್ತರದಲ್ಲಿ ಪಿಲ್‌ಜೊನ ತಾಯಿಯ ಊರು. ಯೇಸುವಿನ ಹಾಡು ಕೇಳಿದರೆ ಸೈನಿಕರು ಎಳೆದುಕೊಂಡು ಹೋಗುತ್ತಿದ್ದ ದಿನಗಳು. ಕ್ರಿಸ್‌ಮಸ್ ನಸುಕಿಗೆ ಆಕೆ ಗಂಜಿ ಹಾಕಿದ ಬಟ್ಟೆಯನ್ನು ಕಲ್ಲಿನ ಮೇಲೆ ಹಾಸಿ, ಎರಡು ಕೋಲು ಹಿಡಿದು ಬಡಿಯಲು ಕೂತಳು. ಬಟ್ಟೆ ನಯವಾಗಲೆಂದು ಎಲ್ಲರ ಮನೆಯಲ್ಲೂ ಬಡಿಯುವುದೇ. ಆದರೆ ಆಕೆ ಬಡಿದದ್ದು ಹಾಡು. ಮೂರು ಏಟು, ತಡೆ, ಎರಡು, ತಡೆ, ಆಮೇಲೆ ನಾಲ್ಕು ಬೇಗಬೇಗ. ಪಕ್ಕದ ಮನೆಯವಳಿಗೆ ತಿಳಿಯಿತು. ಅವಳೂ ಬಡಿದಳು. ಆಮೇಲೆ ಬೀದಿಯೆಲ್ಲ. ಸೈನಿಕರು ಚಳಿಯಲ್ಲಿ ನಿಂತು, ಈ ಊರ ಹೆಂಗಸರು ಎಂಥ ದುಡಿಮೆಗಾರರು ಅಂದುಕೊಂಡರಂತೆ. ಅದಕ್ಕೆ ಮಾತು ಸೇರಿದ್ದು ಅವರು ದಕ್ಷಿಣಕ್ಕೆ ಬಂದ ಮೇಲೆ. ಮಾತಿಲ್ಲದೆಯೂ ಅದು ಹಾಡೇ.

ಪಿಲ್‌ಜೊ ತಲೆ ತಗ್ಗಿಸಿಕೊಂಡು ಕೂತಿದ್ದ. ಆಗ ಮನ್‌ಸೊಕ್ ಬಾಯಿ ಹಾಕಿದ.

"ನಮ್ಮವ್ವನೂ ಬಡೀತಾಳೆ. ಬಟ್ಟೆನಲ್ಲ, ನನ್ನ."

ನಕ್ಕು ನಕ್ಕು ಸಾಕಾಯಿತು. ಈ ಮನ್‌ಸೊಕ್ ಸುರಂಗದಲ್ಲಿ ಪಿಲ್‌ಜೊನ ಜೊತೆಗಾರ, ಅವನ ಕೈಕೆಳಗೇ ಕೆಲಸ ಕಲಿತವನು, ಅವನನ್ನು ಅಣ್ಣ ಎಂದೇ ಕರೆಯುವವನು. ಕ್ರಿಸ್‌ಮಸ್‌ಗೆ ನಮ್ಮ ಹಿಂದೆ ಮೂಟೆ ಹೊರುವುದು ಅವನ ಪಾಲು. ಮನೆಯವರು ಕೊಟ್ಟ ಕಡುಬು, ಹಣ್ಣು ಎಲ್ಲ ಅದರೊಳಗೆ. ಹಾಡಲು ಮಾತ್ರ ಬಿಡುವುದಿಲ್ಲ. ಅವನು ಬಾಯಿ ತೆರೆದರೆ ನಾಯಿಗಳು ಬೊಗಳುತ್ತವೆ.

"ನಿಮ್ಮನೆಗೂ ಒಂದು ಹಾಡು ಬೇಡ್ವೇನೋ?" ಎಂದೆ.

"ಯಾರಿಗೆ ಹಾಡ್ತೀಯಕ್ಕ? ಅವ್ವ ಬುದ್ಧನ ಕಡೆ. ಇನ್‌ದೊಕ್ ಯೇಸು ಕಡೆ. ನಾನು ಕಡುಬಿನ ಕಡೆ."

ಇನ್‌ದೊಕ್ ಅವನ ಹೆಂಡತಿ. ಏಳು ತಿಂಗಳ ಬಸುರಿ. ಮೊಣಕೈಯಿಂದ ತಿವಿದಳು.

ಡಿಸೆಂಬರ್ ೧೩

ಹಿಮ. ಬಿದ್ದ ಗಳಿಗೆಯಲ್ಲಿ ಬಿಳಿ, ಮಧ್ಯಾಹ್ನಕ್ಕೆ ಕಪ್ಪು. ಪಿಲ್‌ಜೊನ ಹೆಂಡತಿ ಹ್ವಾಜಾ ಮೂಲಂಗಿ ಕಿಮ್ಚಿ ತಂದುಕೊಟ್ಟಳು. ಹಿರಿಮಗಳು ಯೊನ್‌ಸಿಲ್ ಈ ವರ್ಷ ನಮ್ಮ ಜೊತೆ ಹಾಡಲು ಬರುತ್ತಾಳಂತೆ. ಅಜ್ಜಿಯ ಹಾಡನ್ನು ಅವಳೇ ಶುರುಮಾಡಲಿ ಎಂದೆ.

ಡಿಸೆಂಬರ್ ೧೮, ಸೋಮವಾರ

ಬೆಲ್ಟು ನಿಂತಿತು. ಕಲ್ಲು ಸಿಕ್ಕಿದ್ದಲ್ಲ. ಆಮೇಲೆ ಸೈರನ್. ನಮ್ಮ ಸಾಲಿನಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಗೊತ್ತಿದ್ದವರೇ ಎಲ್ಲ.

ಬೆಳಗಿನ ಪಾಳಿ. ನೀರು ತುಂಬಿದ ಕಲ್ಲಿದ್ದಲ ಕೆಸರು ಒಮ್ಮೆಲೇ ನುಗ್ಗಿದೆ. ಐದು ಜನ ಒಳಗೆ. ಪಿಲ್‌ಜೊ, ಮನ್‌ಸೊಕ್, ಇನ್ನು ಮೂವರು ಆಚೆ ಕಣಿವೆಯವರು.

ಡಿಸೆಂಬರ್ ೧೯

ಆ ಮೂವರ ಹೆಣ ಸಿಕ್ಕಿತು. ಉಳಿದವರು ನಮ್ಮೂರಿನ ಇಬ್ಬರೇ. ಹ್ವಾಜಾ, ಇನ್‌ದೊಕ್ ಒಂದೇ ಕಂಬಳಿ ಹೊದ್ದು ಗೇಟಿನ ಬಳಿ ಕೂತಿದ್ದಾರೆ. ಒಬ್ಬಳು ಎದ್ದರೆ ಇನ್ನೊಬ್ಬಳೂ ಏಳುತ್ತಾಳೆ.

ಡಿಸೆಂಬರ್ ೨೦, ಸಂಜೆ

ಬದುಕಿದ್ದಾರೆ. ಗಾಳಿ ಹೋಗುವ ಕಬ್ಬಿಣದ ಪೈಪಿನಲ್ಲಿ ಬಡಿತ ಕೇಳಿದೆ.

ಹೆಂಗಸರು ಸುರಂಗದ ಬಾಯಿಗೆ ಹೋಗಬಾರದು, ಅಪಶಕುನ. ಇವತ್ತು ಯಾರೂ ತಡೆಯಲಿಲ್ಲ. ಆಗಬೇಕಾದ್ದು ಆಗಿದೆಯಲ್ಲ. ರಕ್ಷಣೆಯವನು ಸುತ್ತಿಗೆಯಿಂದ ಪೈಪಿಗೆ ಬಡಿದು ಕೇಳಿದ, ಎಷ್ಟು ಜನ? ಬದುಕಿದವರೆಷ್ಟೋ ಅಷ್ಟು ಏಟು ಕೊಡಬೇಕು, ಗಣಿಯ ಹಳೆಯ ಪದ್ಧತಿ.

ಒಂದು ಏಟು ಬಂತು.

ಮತ್ತೆ ಕೇಳಿದ. ಮತ್ತೆ ಒಂದೇ.

ಹ್ವಾಜಾ, ಇನ್‌ದೊಕ್ ಪರಸ್ಪರ ನೋಡಿಕೊಂಡರು. ಇಬ್ಬರೂ ಹಿಡಿದಿದ್ದ ಕಂಬಳಿ ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಬಡಿತ ತಾನಾಗಿಯೇ ಶುರುವಾಯಿತು. ಪೈಪಿಗೆ ಕಿವಿ ಕೊಟ್ಟೆ. ತಣ್ಣನೆಯ ಕಬ್ಬಿಣ, ಚರ್ಮ ಅಂಟಿಕೊಂಡಿತು. ಮೂರು. ತಡೆ. ಎರಡು. ತಡೆ. ನಾಲ್ಕು ಬೇಗಬೇಗ.

ಹ್ವಾಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ಹೌದೆಂದು ತಲೆ ಆಡಿಸಿದೆ. ಅಷ್ಟೇ. ಇನ್‌ದೊಕ್ ಕೂಡ ನೋಡಿದಳು.

ಡಿಸೆಂಬರ್ ೨೧

ಮನ್‌ಸೊಕ್‌ನ ತಾಯಿ ಬೆಳಿಗ್ಗೆ ಏಣಿ ಹಾಕಿಕೊಂಡು ಮಾಡಿಗೆ ಹತ್ತಿದಳು. ಎಪ್ಪತ್ತು ದಾಟಿದವಳು. ಮಗನ ಒಳಅಂಗಿಯನ್ನು ಉತ್ತರಕ್ಕೆ ಬೀಸಿ ಮೂರು ಸಲ ಹೆಸರು ಹಿಡಿದು ಕರೆದಳು. ಸತ್ತವರ ಜೀವವನ್ನು ಹಾಗೆ ಕರೆಯುವುದು. ಸತ್ತವರದ್ದು ಮಾತ್ರ. ಪಾಸ್ಟರ್ ಬೀದಿಯಲ್ಲೇ ನಿಂತುಬಿಟ್ಟರು. ಇನ್‌ದೊಕ್ ತಡೆಯಲಿಲ್ಲ. ಏಣಿ ಹಿಡಿದುಕೊಂಡಿದ್ದಳು.

ಸಂಜೆ ಹ್ವಾಜಾ ನನ್ನ ಮನೆಗೆ ಬಂದಳು. ಹಿತ್ತಲ ಬಾಗಿಲಿಂದ. ಖುಷಿ ಯಾರಿಗೂ ಕಾಣಬಾರದು ಎಂದು.

"ಗಂಜಿ ಕಾಯ್ಸಿ ಕಾಯ್ಸಿ ಚೆಲ್ತಾ ಇದೀನಿ ಅಕ್ಕ. ಯಾವಾಗ ಬಂದ್ರೂ ಬಿಸಿ ಇರ್ಲಿ ಅಂತ. ನಿಜ ತಾನೇ? ಅವ್ರೇ ತಾನೇ?"

"ನಿಮ್ಮತ್ತೆ ಹಾಡು ನಂಗೆ ತಿಳಿಯಲ್ವೇನೇ?"

ಕಲ್ಲು ಮತ್ತೆ ಕುಸಿದಿದೆ. ಅಗೆಯುವವರು ಬೇರೆ ಕಡೆಯಿಂದ ಶುರುಮಾಡಿದ್ದಾರೆ.

ಡಿಸೆಂಬರ್ ೨೨

ಮಧ್ಯಾಹ್ನ ಬಡಿತ ನಿಂತಿತ್ತು. ಆಮೇಲೆ ಬಂತು. ಸಣ್ಣಗೆ.

ಇನ್‌ದೊಕ್ ಬಂದಳು. ಕೂದಲಿಗೆ ಸೂತಕದ ಬಿಳಿ ಪಟ್ಟಿ ಸಿಕ್ಕಿಸಿಕೊಂಡಿದ್ದಾಳೆ. ಹೊಸಿಲಲ್ಲೇ ನಿಂತಳು.

"ಅಕ್ಕ... ಅದು ಬೇರೆ ಹಾಡಾಗಿರ್ಬೋದಾ?"

"ಆ ಥರ ಬೇರೆ ಹಾಡಿಲ್ಲವ್ವ."

"ಇನ್ನೊಂದ್ಸಲ ಕೇಳಿ ಬರ್ತೀಯಾ?"

ಹೋದೆ. ಕೇಳಿದೆ. ಅದೇ. ಬಂದು ಹೇಳಿದೆ.

"ನಮ್ಮೋರೂ ಪ್ರತಿ ವರ್ಷ ಬರ್ತಿದ್ರಲ್ಲ ನಿಮ್ಮ ಜೊತೆ. ಮೂಟೆ ಹೊತ್ಕೊಂಡು."

"ಅವ್ನಿಗೆ ಹಾಡು ಬರಲ್ವಲ್ಲೇ," ಎಂದೆ.

ಹೌದು ಎಂದಳು. ನಿಜವಾಗಿ ನಕ್ಕಳು ಕೂಡ. ಹೊಟ್ಟೆ ಹಿಡಿದುಕೊಂಡು ಇಳಿಜಾರಿನಲ್ಲಿ ನಿಧಾನ ಇಳಿದು ಹೋದಳು. ಜೊತೆಗೆ ಹೋಗಬೇಕಿತ್ತು.

ಡಿಸೆಂಬರ್ ೨೩

ತಂದರು. ಮಧ್ಯಾಹ್ನ ಎರಡಕ್ಕೆ.

ಸ್ಟ್ರೆಚರ್ ಮೇಲೆ. ಬೆಳಕು ಚುಚ್ಚಬಾರದೆಂದು ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಮೈಯೆಲ್ಲ ಕಪ್ಪು, ಗಡ್ಡಕ್ಕೆ ಕೆಸರು ಮೆತ್ತಿ ಒಣಗಿದೆ. ಯಾರಾದರೂ ಆಗಬಹುದಿತ್ತು. ಹ್ವಾಜಾ ಜನರನ್ನು ತಳ್ಳಿಕೊಂಡು ಓಡಿದಳು. ಕೈ ಹಿಡಿದುಕೊಂಡಳು. ಸ್ಟ್ರೆಚರ್ ಜೊತೆಗೇ ಓಡುತ್ತ, "ಯೊನ್‌ಸಿಲ್ ಅಪ್ಪಾ, ನಾನು, ನಾನಿದೀನಿ, ಬಂದ್ರಲ್ಲ, ಬಂದ್ರಿ..."

ಅವನು ತುಟಿ ಅಲ್ಲಾಡಿಸಿದ. ಬಾಗಿದಳು.

"ಅತ್ತಿಗೆ," ಎಂದ.

ಹ್ವಾಜಾ ಕೈ ಬಿಡಲಿಲ್ಲ. ನಾಲ್ಕಾರು ಹೆಜ್ಜೆ ಹಾಗೇ ನಡೆದಳು. ಆಮೇಲೆ ಆ ಕೈಯನ್ನು ಕಂಬಳಿಯೊಳಗೆ ಸರಿಯಾಗಿ ಇಟ್ಟು, ಮುಚ್ಚಿ, ಅಲ್ಲೇ ನಿಂತಳು. ಸ್ಟ್ರೆಚರ್ ಮುಂದೆ ಹೋಯಿತು.

ಇನ್‌ದೊಕ್ ಅಲ್ಲಿರಲಿಲ್ಲ. ಬಂದೇ ಇರಲಿಲ್ಲ. ಬರಲು ಅವಳಿಗೆ ಏನಿತ್ತು?

ಡಿಸೆಂಬರ್ ೨೪, ಭಾನುವಾರ

ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಮನ್‌ಸೊಕ್‌ಗೆ ಕಣ್ಣಿನ ಬಟ್ಟೆ ಬಿಚ್ಚಿದ್ದಾರೆ. ಸೂರು ನೋಡುತ್ತ ಮಲಗಿದ್ದಾನೆ. ಇನ್‌ದೊಕ್ ಪಕ್ಕದಲ್ಲಿ ಕೂತಿದ್ದಾಳೆ, ಗಂಡನನ್ನು ಮುಟ್ಟಲು ಹೆದರುವವಳ ಹಾಗೆ. ಬಿಳಿ ಪಟ್ಟಿ ತೆಗೆದಿದ್ದಾಳೆ.

ನಾನು ಕೇಳಲಿಲ್ಲ. ಅವನೇ ಹೇಳಿದ. ಸೂರಿಗೆ ಹೇಳಿದ ಹಾಗೆ.

"ಅಣ್ಣನ ಕಾಲ ಮೇಲೆ ತೊಲೆ ಬಿದ್ದಿತ್ತು ಅಕ್ಕ. ಎರಡೂ ಕಾಲು. ಅವ್ವನ ಹಾಡು ಬಡಿಯೋ ಅಂದ. ಬಡಿದೆ. ಬಡೀತಾ ಇದ್ರೆ ನರಳ್ತಿರ್ಲಿಲ್ಲ. ಕೈ ನೋವು ಅಂತ ನಿಲ್ಲಿಸ್ದೆ... ನಿಲ್ಲಿಸಿದಾಗ್ಲೇ ಹೋದ. ಆಮೇಲೆ ಮತ್ತೆ ಬಡಿದೆ. ನಿಲ್ಲಿಸ್ಬಾರ್ದಿತ್ತು ನಾನು."

"ನಿನ್ನಿಂದ ಹೋದದ್ದಲ್ಲಪ್ಪ."

"ಹಾಡು ಬರಲ್ಲ ನಂಗೆ. ತಾಳ ಬರತ್ತೆ. ಮೂಟೆ ಹೊತ್ಕೊಂಡು ಹಿಂದೆ ನಡಿಯೋನಿಗೆ ತಾಳ ಅಲ್ದೆ ಇನ್ನೇನು ಬರತ್ತೆ?"

ಗಂಜಿ ಮುಟ್ಟಲಿಲ್ಲ. ನಿದ್ದೆಯೂ ಮಾಡಿಲ್ಲವಂತೆ.

ಅವನ ತಾಯಿ ಮನೆಯಿಂದ ಹೊರಗೇ ಬಂದಿಲ್ಲ. ಹೋಗಿ ಕರೆದೆ. ನೆಲ ನೋಡುತ್ತ, "ಮಾಡಿನ ಮೇಲೆ ನಿಂತು ನಾನೇ ಕರೆದ್ನಲ್ಲವ್ವ. ಜೀವಂತ ಇದ್ದೋನ ಜೀವಾನ. ಅದು ಎಲ್ಲಿಗೆ ಹೊಂಟೋಯ್ತೋ. ಅಲ್ಲಿ ಮಲಗಿರೋದು ಏನು ಅಂತ ಹೋಗಿ ನೋಡ್ಲಿ?"

ಅವಳು ಏಣಿ ಹತ್ತಿದ್ದು ನನ್ನ ತಲೆ ಆಡಿದ್ದಕ್ಕೆ.

ಮಧ್ಯಾಹ್ನ ಪಿಲ್‌ಜೊನನ್ನು ತಂದರು. ಸಂಜೆ ಹ್ವಾಜಾಳ ಮನೆಗೆ ಹೋದೆ. ಒಲೆಯ ಮೇಲೆ ಗಂಜಿಯ ಪಾತ್ರೆ ಹಾಗೇ ಇತ್ತು. ಮನ್‌ಸೊಕ್ ಹೇಳಿದ್ದನ್ನೆಲ್ಲ ಹೇಳಿದೆ. ಮುಚ್ಚಿಡಲಿಲ್ಲ. ಅವಳು ಕೇಳಿಸಿಕೊಂಡಳು.

"ಮೂರು ದಿನ ಗಂಜಿ ಕಾಯ್ಸಿದೆ ಅಕ್ಕ. ಮಕ್ಕಳಿಗೆ ಅಪ್ಪ ಬರ್ತಾರೆ ಅಂದೆ. ಇನ್‌ದೊಕ್ ಮುಖ ನೋಡೋಕೆ ನಾಚ್ಕೊಂಡೆ. ಅವ್ರು ಆಗ್ಲೇ ಹೋಗಿದ್ರು. ಮೂರು ದಿನ ಅಳ್ಬೇಕಿತ್ತು ನಾನು, ಅದೂ ಇಲ್ಲ."

"ಹ್ವಾಜಾ..."

"ಆ ಹಾಡಿನ ಕತೆ ಇನ್ನು ಯಾರಿಗೂ ಹೇಳ್ಬೇಡ. ನಮ್ಮ ಮನೆ ಮುಂದೆ ಹಾಡ್ಲೂಬೇಡಿ."

ಆಯಿತು ಎಂದು ಬಂದೆ. ಈ ವರ್ಷ ನಸುಕಿನ ಹಾಡೇ ಬೇಡ ಎಂದೆ ಪಾಸ್ಟರಿಗೆ. "ಹಾಡ್ದೆ ಇದ್ರೆ ಊರು ಇನ್ನೂ ಹೆದರ್ಕೊಳತ್ತೆ ಅಕ್ಕ," ಎಂದರು. ಸರ್ಕಾರದ ನಡುರಾತ್ರಿ ಕರ್ಫ್ಯೂ ಇಲ್ಲದ ದಿನ ವರ್ಷಕ್ಕೆ ಎರಡೇ. ಅದರಲ್ಲಿ ಇದೊಂದು. ಬೀದಿಯಲ್ಲಿ ಒಬ್ಬರೂ ಇಲ್ಲ.

ಡಿಸೆಂಬರ್ ೨೫, ಬೆಳಿಗ್ಗೆ ಒಂಬತ್ತು

ಬೂಟು ಒದ್ದೆ. ಬದಲಿಸಲು ಮನೆಗೆ ಬಂದೆ. ಬೆರಳು ಬಿಸಿಯಾಗುವವರೆಗೆ ಬರೆಯುತ್ತೇನೆ.

ನಸುಕಿಗೆ ಹೊರಟಾಗ ಚರ್ಚಿನ ಮೆಟ್ಟಿಲ ಮೇಲೆ ಮನ್‌ಸೊಕ್‌ನ ತಾಯಿ. ಚರ್ಚಿನ ಕಡೆ ತಲೆ ಹಾಕದವಳು. ನನ್ನ ತೋಳು ಹಿಡಿದಳು. "ನನ್ನ ಮಗನಿಗೆ ಒಂದು ಹಾಡು ಹಾಡಿ. ನಾನು ಕರೆದದ್ದನ್ನ ನೀವಾದ್ರೂ ವಾಪಸ್ ಕರೀರಿ."

"ಯಾವ ಹಾಡು ಅಜ್ಜಿ?"

"ಅದೇ. ಅವನನ್ನ ಉಳಿಸಿದ್ದು."

ಅದೊಂದು ಬೇಡ ಎಂದೆ. ಬೇರೆ ಯಾವುದಾದರೂ ಎಂದೆ. ಬೇರೆ ಯಾವುದೂ ಅವನಿಗೆ ಗೊತ್ತಿಲ್ಲ ಎಂದಳು, ಆ ಮಾತು ನಿಜ. ಆಸ್ಪತ್ರೆ ಇರುವುದು ಹ್ವಾಜಾಳ ಮನೆಯ ಬೆನ್ನಿಗೇ. ಕೇಳಿಸದೆ ಇರುವುದಿಲ್ಲ. ನಾನೊಬ್ಬಳೇ ಹೋಗಿ ಅವಳ ಬಾಗಿಲು ತಟ್ಟಿದೆ. ಎಚ್ಚರವೇ ಇದ್ದಳು. ಹೇಳಿದೆ.

ಒಳಗೆ ಮಲಗಿದ್ದ ಮಕ್ಕಳ ಕಡೆ ತಿರುಗಿ ನೋಡಿದಳು.

"ಅವನು ಅನ್ನ ತಿಂದ್ನಾ?"

"ಇಲ್ಲ."

"ಹಾಡಿ," ಎಂದಳು. "ನಾನು ಮಕ್ಕಳನ್ನ ಕರ್ಕೊಂಡು ಒಳಕೋಣೆಗೆ ಹೋಗ್ತೀನಿ." ಬಾಗಿಲು ಹಾಕಿಕೊಂಡಳು.

ಕಿಟಕಿಯ ಕೆಳಗೆ ಹಿಮದಲ್ಲಿ ನಿಂತು ಹಾಡಿದೆವು. ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು. ಎರಡನೆಯ ಚರಣಕ್ಕೆ ಒಳಗಿನಿಂದ ಸದ್ದು. ಕಬ್ಬಿಣದ ಮಂಚಕ್ಕೆ ಏನೋ ಬಡಿಯುವ ಸದ್ದು. ಮೂರು. ಎರಡು. ನಾಲ್ಕು. ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಂದ, ಬಂದ ಎಂದಳು. ನಮ್ಮಲ್ಲಿ ಅತ್ತವರೂ ಇದ್ದರು.

ಹಾಡು ಮುಗಿಯಿತು. ಅವನು ನಿಲ್ಲಿಸಲಿಲ್ಲ.

ಕಾದೆವು. ನಿಲ್ಲಿಸಲಿಲ್ಲ. ಇನ್‌ದೊಕ್ ಕಿಟಕಿ ತೆರೆದಳು, ಮುಖ ಬಿಳಿಚಿಕೊಂಡಿತ್ತು. "ಚಮಚ ಕಿತ್ಕೊಂಡ್ರೆ ಕೈಯಲ್ಲೇ ಬಡೀತಾರೆ ಅಕ್ಕ. ರಕ್ತ ಬರ್ತಾ ಇದೆ. ನಿಲ್ಸಿದ್ರೆ ಅಣ್ಣ ಹೋಗ್ಬಿಡ್ತಾನೆ ಅಂತಾರೆ. ನೀವು ಹಾಡ್ತಿದ್ರೆ ಕೈ ಸ್ವಲ್ಪ ಮೆತ್ತಗಾಗತ್ತೆ."

ಮತ್ತೆ ಮೊದಲಿಂದ ಹಾಡಿದೆವು. ಮತ್ತೆ. ಬೆಳಗಾಯಿತು. ಬೇರೆ ಯಾವ ಮನೆಗೂ ಹೋಗಲಿಲ್ಲ. ದನಿ ಬಿದ್ದವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಈಗ ಪಾಸ್ಟರ್, ಅಜ್ಜಿ ಇಬ್ಬರೇ ಇದ್ದಾರೆ. ಅಜ್ಜಿಗೆ ಹಾಡಿನ ಮಾತು ಬರದು, ಸುಮ್ಮನೆ ಗುನುಗುತ್ತಾಳೆ.

ಬೂಟು ಕಟ್ಟಿಕೊಂಡು ಹೋಗಬೇಕು. ಯಾರೋ ಹಿತ್ತಲ ಬಾಗಿಲು ತಟ್ಟುತ್ತಿದ್ದಾರೆ. ಹ್ವಾಜಾ. ಕಿಟಕಿಯಿಂದ ಕಾಣುತ್ತಾಳೆ, ಕೂದಲಿಗೆ ಬಿಳಿ ಪಟ್ಟಿ. ನಿಲ್ಲಿಸಿ ಎಂದು ಹೇಳಲು ಬಂದಳೋ, ಅಥವಾ ತಾನೂ ಹಾಡಲು ಬಂದಳೋ, ಬಾಗಿಲು ತೆಗೆಯಬೇಕು.