ಕೆರೆ ಏರಿಯ ಸಿಮೆಂಟ್ ನೀಲಕಂಠ

ಕೆರೆ ಸೌಂದರ್ಯ ಯೋಜನೆಯ ಮಾನ್ಯ ಅಧಿಕಾರಿಗಳೇ,

ರಾಜ್ಯಪಕ್ಷಿ ನೀಲಕಂಠಕ್ಕೆ ಗೌರವ ಸಲ್ಲಿಸಲೆಂದು ನೀವು ರಾಜ್ಯಪಕ್ಷಿಯ ಮನೆಯನ್ನೇ ಕಡಿಸಿದ್ದೀರಿ. ದೂರು ಇಷ್ಟೇ. ಮುಂದಕ್ಕೆ ಓದಲು ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ 'ಕಡತಕ್ಕೆ ಸೇರಿಸಿ' ಎಂದು ಬರೆದುಬಿಡಿ.

ದೇವರಾಯಸಮುದ್ರದ ಆಚೆ, ನಮ್ಮೂರ ಕೆರೆ ಏರಿಯ ಮೇಲೆ ಸುಳಿ ಒಣಗಿ ತಲೆ ಹೋದ ಹನ್ನೊಂದು ತೆಂಗಿನ ಮರಗಳಿದ್ದವು. ಕಾಯಿಲ್ಲ, ಗರಿಯಿಲ್ಲ, ನೆರಳಿಲ್ಲ. ಆದರೆ ಅವುಗಳ ಪೊಟರೆಗಳಲ್ಲಿ ಪ್ರತಿ ಬೇಸಿಗೆಯೂ ನೀಲಕಂಠಗಳು ಮರಿ ಮಾಡುತ್ತಿದ್ದವು. ನಿಮ್ಮ ಸಿಬ್ಬಂದಿ 'ಅನುಪಯುಕ್ತ ಮರಗಳ ಪಟ್ಟಿ' ಎಂಬ ಫಾರಂ ತಂದರು. ಕೆರೆ ಸಮಿತಿಯ ಕಾರ್ಯದರ್ಶಿಯಾಗಿ ಅದನ್ನು ತುಂಬಿದವನು ನಾನೇ, ಸ್ವಾಮಿ. ಚಿಕ್ಕಂದಿನಿಂದ ಆ ಗೂಡುಗಳನ್ನು ನೋಡಿದವನಿಗೆ ಆ ಹೊತ್ತಿನಲ್ಲಿ ಒಣಮರವಷ್ಟೇ ಕಂಡಿತು. ನೀವು ಹೇಳಿದ ಹಕ್ಕಿಯ ಪ್ರತಿಮೆಗೆ ಜಾಗವಾಗುತ್ತದೆ, ಊರಿಗೆ ಹೆಸರು ಬರುತ್ತದೆ ಎಂದು ಹಿಗ್ಗಿದೆ ಕೂಡ. ಹನ್ನೊಂದೂ ಉರುಳಿದವು. ಅಲ್ಲೇ ಒಂದು ಎತ್ತರದ ಕಂಬ ನೆಟ್ಟು, ತುದಿಯಲ್ಲಿ ಬಣ್ಣ ಬಳಿದ ಸಿಮೆಂಟ್ ನೀಲಕಂಠವನ್ನು ಕೂರಿಸಿದಿರಿ. ಪೊಟರೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಲು ನಿಮ್ಮ ಫಾರಂನಲ್ಲಿ ಕಾಲಂ ಇರಲಿಲ್ಲವೇ? ಅಥವಾ ಇದ್ದು, ನಾನೇ ಖಾಲಿ ಬಿಟ್ಟೆನೇ?

ನೀಲಕಂಠಕ್ಕೆ ನಮ್ಮ ಮನೆಯಲ್ಲಿ ತೆಲುಗಿನ ಹೆಸರು, ಪಾಲಪಿಟ್ಟ. ವಿಜಯದಶಮಿಯ ದಿನ ಅದು ಕಣ್ಣಿಗೆ ಬೀಳದೆ ಊಟವಿಲ್ಲ. ನಾವೆಲ್ಲ ಈಗ ಮೊಬೈಲ್‌ನಲ್ಲಿ ಚಿತ್ರ ನೋಡಿ ಎಲೆ ಮುಂದೆ ಕೂರುತ್ತೇವೆ. ಎಂಬತ್ತೆರಡರ ನಮ್ಮಮ್ಮ ಅಂಜಮ್ಮ ಇದಕ್ಕೆ ಒಪ್ಪುವವಳಲ್ಲ. ಕಳೆದ ದಸರೆಯಂದು ಬೆಳಿಗ್ಗೆ ಏರಿಯ ಕೆಳಗೆ ಕೂತವಳು ಮಧ್ಯಾಹ್ನ ಮೂರಾದರೂ ಏಳಲಿಲ್ಲ. ಸಕ್ಕರೆ ಕಾಯಿಲೆ ಬೇರೆ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನನಗೆ ಹೆದರಿಕೆಯಾಯಿತು. ನಿಮ್ಮ ಕಂಬದ ಕಡೆ ಕೈ ತೋರಿಸಿ, "ಅಗೋ ಅಮ್ಮಾ, ಕೂತೈತೆ ನೋಡು," ಅಂದೆ. ಪೊರೆ ಬಂದ ಕಣ್ಣು ಅವಳದು. ಕೈ ಮುಗಿದಳು. ಮನೆಗೆ ಬಂದು ಉಂಡಳು.

ಮಾರನೆಯ ದಿನವೂ ಹೋಗಿ ನೋಡಿದಳು. ಅದರ ಮಾರನೆಯ ದಿನವೂ.

"ಏನ್ಲಾ, ಅದು ಕೂತಲ್ಲೇ ಕೂತೈತೆ. ಪಾಪಂ, ರೆಕ್ಕೆ ಮುರಿದಿರ್ಬೇಕು ಕಣೋ. ದನದ ಡಾಕ್ಟ್ರನ್ನಾದ್ರೂ ಕರ್ಕೊಂಡ್ ಬಾ."

ನಾಳೆ ಬರ್ತಾರಮ್ಮ, ನಾಳೆ ಬರ್ತಾರಮ್ಮ ಎಂದು ತಿಂಗಳುಗಟ್ಟಲೆ ಸಾಗಹಾಕಿದ್ದೇನೆ. ಅವಳು ದಿನಾ ಏರಿಯ ಕೆಳಗೆ ಒಂದು ಚಿಪ್ಪು ನೀರಿಟ್ಟು ಬರುತ್ತಾಳೆ. ನೋಡಿದರೆ ನಾಚಿಕೆಯಾಗುತ್ತದೆ.

ಮರ ವಾಪಸ್ ಕೊಡಿ ಎಂದು ಕೇಳುವಷ್ಟು ಹುಚ್ಚನಲ್ಲ ನಾನು. ಇವತ್ತು ನೆಟ್ಟ ಸಸಿ ಬೆಳೆದು, ಒಣಗಿ, ಪೊಟರೆ ಬೀಳುವ ಹೊತ್ತಿಗೆ ನೀವೂ ಇರುವುದಿಲ್ಲ, ನಾನೂ ಇರುವುದಿಲ್ಲ. ಪಕ್ಕದೂರಿನ ಕೆರೆಗೂ ಪಟ್ಟಿ ತಯಾರಾಗುತ್ತಿದೆಯಂತೆ. ನಿಲ್ಲಿಸಿ ಎಂದರೆ ನಿಲ್ಲಿಸುತ್ತೀರಾ? ನನಗಂತೂ ನಂಬಿಕೆಯಿಲ್ಲ. ಬೇಡಿಕೆ ಒಂದೇ. ಒಂದು ದಿನ ಬಿಡುವು ಮಾಡಿಕೊಂಡು ಬನ್ನಿ. ಆ ಹಕ್ಕಿಗೆ ಜೀವವೇ ಇಲ್ಲ ಎಂದು ನಮ್ಮಮ್ಮನಿಗೆ ನೀವೇ ಹೇಳಿ. ನನ್ನಿಂದ ಆಗುತ್ತಿಲ್ಲ.

ಇಂತಿ,
ತಾಯಿಯ ಮುಖ ನೋಡಲಾಗದ ಮಗ,
ವೆಂಕಟರಮಣಪ್ಪ
ಮುಳಬಾಗಿಲು ತಾಲ್ಲೂಕು