ಹಂದಿಬೆನ್ನಿನ ಬಿಳಿ ಪೀಪಾಯಿ

ಪಿಂಟರ್ ಸರೋವರ, ಒಂಟಾರಿಯೊ
ಸೋಮವಾರ, 9 ಆಗಸ್ಟ್ 1993

ಪ್ರೀತಿಯ ಮಾರ್ಗೋ,

ಹೇಗಿದ್ದೀಯೇ? ಡೆಸ್ ಕಾಲು ಹೇಗಿದೆ? ಕೋಲಿಲ್ಲದೆ ನಡೀತಾನಾ ನಿನ್ನ ಗಂಡ, ಇಲ್ಲಾ ಈಗಲೂ ಕೋಲನ್ನ ಎಲ್ಲೋ ಮರೆತು ನಿನ್ನ ಕೈಲಿ ಮನೆಯೆಲ್ಲ ಹುಡುಕಿಸ್ತಾನಾ? ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಆಗಸ್ಟ್‌ನಲ್ಲಿ ಉತ್ತರ ಬರೀತಿದ್ದೀನಿ, ಬೈಯಬೇಕು ಅನ್ನಿಸಿದರೆ ಬೈದುಬಿಡು. ಚಾವಣಿ ಸೋರ್ತಿತ್ತು, ನಮ್ಮನೆ ಯಜಮಾನ ಆರ್ಚಿಗೆ ಹುಷಾರಿರಲಿಲ್ಲ ಅಂತ ನೆಪ ಹೇಳಬಹುದು. ನಿಜ ಏನಂದ್ರೆ ಆ ಕಾಗದದ ಕೊನೇ ಸಾಲಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. 'ಪೀಪಾಯಿಯ ಸರಿಯಾದ ಮಗ್ಗುಲಲ್ಲೇ ಹೋದೆ, ನಿಧಾನವಾಗೇ ಹೋದೆ ಅಂತಾನೆ ಡೆಸ್. ಯಾರೂ ನಂಬದಿದ್ದರೆ ಕತ್ತೆಬಾಲ, ನೀನಾದ್ರೂ ನಂಬ್ತೀಯಾ ವಿನ್ನಿ?' ಅಂತ ಕೇಳಿದ್ದೆ. ಆ ಕಾಗದ ಎಂಟು ತಿಂಗಳಿಂದ ಬ್ರೆಡ್ ಡಬ್ಬದ ಕೆಳಗೇ ಇದೆ.

ನಿಮ್ಮ ಕಾಟೇಜ್ ನೀವು ಮುಚ್ಚಿ ಹೋದ ಹಾಗೇ ಇದೆ. ದೋಣಿಮನೆಯ ತೊಲೆಗೆ ಗುಬ್ಬಚ್ಚಿ ಗಾತ್ರದ ಯಾವುದೋ ಹಕ್ಕಿ ಗೂಡು ಕಟ್ಟಿದೆ, ನಾನೂ ಓಡಿಸೋಕೆ ಹೋಗಲಿಲ್ಲ. ನಿಮ್ಮ ದಾರಿಯ ಹುಲ್ಲನ್ನ ಆರ್ಚಿ ಹದಿನೈದು ದಿನಕ್ಕೊಮ್ಮೆ ಕತ್ತರಿಸ್ತಾನೆ. ಒಂದೊಂದು ವಾರ ಎರಡು ಸಲ ಕತ್ತರಿಸ್ತಾನೆ, ನಾನು ಸುಮ್ಮನಿರ್ತೀನಿ.

ಶನಿವಾರ ನಮ್ಮ ಕಾಟೇಜ್ ಸಂಘದ ವಾರ್ಷಿಕ ಸಭೆ ಆಯ್ತು. ಅದೇ ಹಾಲ್, ಕೂತರೆ ಕಿರ್ ಅನ್ನೋ ಅವೇ ಮಡಚುಕುರ್ಚಿಗಳು, ಬೆಣ್ಣೆ ಟಾರ್ಟ್‌ಗೆ ಒಣದ್ರಾಕ್ಷಿ ಹಾಕಬೇಕೋ ಬೇಡವೋ ಅಂತ ಬಾಗಿಲಲ್ಲೇ ಶುರುವಾಗೋ ಅದೇ ಜಗಳ. ಅಧ್ಯಕ್ಷ ಕ್ಲಿಫರ್ಡ್ ಪೆಟಿಗ್ರೂ ಗಂಟೆ ಬಾರಿಸಿದ. ಹೆಡ್‌ಮಾಸ್ಟರ್ ಕೆಲಸ ಬಿಟ್ಟು ಹತ್ತು ವರ್ಷ ಆದ್ರೂ ಆ ಮಹಾರಾಯ ನಮ್ಮನ್ನೆಲ್ಲ ನಾಲ್ಕನೇ ಕ್ಲಾಸಿನ ಮಕ್ಕಳು ಅಂದ್ಕೊಂಡಿದ್ದಾನೆ.

ಮೊದಲ ಕೆಲಸ ನನ್ನದೇ ಅಲ್ವಾ, ಹೋದ ವರ್ಷದ ನಡಾವಳಿ ಓದೋದು. ನೀನೇ ಎಷ್ಟು ಸಲ ಅದನ್ನ ಕೇಳ್ತಾ ತೂಕಡಿಸಿದ್ದೀಯ! ಓದಿ ಮುಗಿದ ಮೇಲೆ ಕ್ಲಿಫರ್ಡ್ 'ತಪ್ಪು, ತಿದ್ದುಪಡಿ ಏನಾದ್ರೂ ಇದೆಯಾ?' ಅಂತಾನೆ, ಹಿಂದಿನ ಸಾಲಿನಿಂದ ಯಾರೋ 'ಇಲ್ಲ' ಅಂತಾರೆ, ಎಲ್ಲರ ಕಣ್ಣೂ ಟಾರ್ಟ್ ತಟ್ಟೆಯ ಮೇಲಿರುತ್ತೆ. ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ ನಾನು, ಒಂದೇ ಒಂದು ತಿದ್ದುಪಡಿ ಬಂದಿಲ್ಲ. ಓದ್ತಾ ಓದ್ತಾ ಆ ಸಾಲಿಗೆ ಬಂದೆ. 'ಜೂನ್ ತಿಂಗಳ ದೋಣಿ ಅಪಘಾತಕ್ಕೆ ಶ್ರೀ ಡೆಸ್ಮಂಡ್ ಕಾರ್ವರ್ ಅವರ ಅತಿವೇಗವೇ ಕಾರಣವೆಂದು ಸಭೆ ಅಭಿಪ್ರಾಯಪಟ್ಟಿತು.' ನನ್ನದೇ ದುಂಡನೆ ಅಕ್ಷರ. ಅದನ್ನೂ ಓದಿ ಮುಗಿಸಿದೆ ಕಣೇ.

ಮೇ ತಿಂಗಳಲ್ಲಿ ಏನಾಯ್ತು ಅಂತ ಮೊದಲು ಹೇಳ್ತೀನಿ, ತಾಳು. ಪ್ರತಿ ವರ್ಷದ ಹಾಗೆ ಹಿಮ ಕರಗಿದ ಮೇಲೆ ಹಂದಿಬೆನ್ನಿನ ಮೇಲೆ ಬಿಳಿ ಪೀಪಾಯಿ ತೇಲಿಬಿಡೋಕೆ ನಾನೂ ಆರ್ಚಿನೂ ಹೋದೆವು. ನೀರಡಿಯ ಆ ಬಂಡೆ ಕಣ್ಣಿಗೆ ಕಾಣಲ್ಲ, ದೋಣಿಯವರಿಗೆ ಆ ಪೀಪಾಯಿಯೇ ಎಚ್ಚರಿಕೆ. ಗುರುತು ಹಿಡಿಯೋ ರೀತಿ ನಿನಗೂ ಬಾಯಿಪಾಠ. ಒಂದು ಕಡೆ ನಿಮ್ಮ ದೋಣಿಮನೆಯ ಮೂಲೆಯ ಹಿಂದೆ ನಮ್ಮ ಬಾವುಟದ ಕಂಬ ಅಡಗಬೇಕು, ಇನ್ನೊಂದು ಕಡೆ ಟಲ್ಲೋಕ್ ಅಜ್ಜಿಯ ಚಿಮಣಿಯ ಹಿಂದೆ ಸೀಳು ಪೈನ್ ಮರ ಅಡಗಬೇಕು. ಎರಡೂ ಅಡಗಿದ ಜಾಗದಲ್ಲಿ ಪೀಪಾಯಿಯ ಲಂಗರುಕಲ್ಲು ಬಿಡಬೇಕು. ಆರ್ಚಿ ಪೈನ್ ಮರವನ್ನ ಪಕ್ಕದ ಕ್ಲಿಫರ್ಡ್ ಚಿಮಣಿಯ ಹಿಂದೆ ಅಡಗಿಸಿ 'ಕಲ್ಲು ಬಿಡು ವಿನ್ನಿ' ಅಂದ. 'ಅದು ಅಜ್ಜಿ ಚಿಮಣಿ ಅಲ್ಲ' ಅಂದೆ. 'ಹೋದ ವರ್ಷನೂ ಈ ಚಿಮಣಿಯ ಗುರುತೇ ಹಿಡಿದಿದ್ದೆನಲ್ಲ' ಅಂದ. ಆಗ ನನಗೆ ಎಲ್ಲ ಅರ್ಥವಾಯ್ತು. ಪೀಪಾಯಿ ಬಂಡೆಯಿಂದ ನಲವತ್ತು ಅಡಿ ಆಚೆ ಇತ್ತು. ಅದನ್ನೇ ನಂಬಿ ಸರಿಯಾದ ಮಗ್ಗುಲಲ್ಲಿ ಹೋದ ಡೆಸ್, ನೇರ ಬಂಡೆಗೇ ಹೋಗಿ ಬಡಿದ. ಅವನ ದೋಣಿ ಎಳೆದು ತರುವಾಗ ಪೀಪಾಯಿಯ ಸರಪಳಿಯೂ ಸಿಕ್ಕಿಕೊಂಡು ಬಂದಿತ್ತು, ಅದು ಎಲ್ಲಿತ್ತು ಅಂತ ನೋಡೋಕೆ ಏನೂ ಉಳಿದಿರಲಿಲ್ಲ. ಮೂವತ್ತೊಂದು ವರ್ಷದಿಂದ ಆರ್ಚಿ ಇಡುವ ಪೀಪಾಯಿ ತಪ್ಪಾಗಿರಬಹುದು ಅಂತ ಯಾರ ತಲೆಗೂ ಹೊಳೆಯಲೂ ಇಲ್ಲ.

ಈಗ ಮತ್ತೆ ಸಭೆಗೆ ಬರ್ತೀನಿ. ಕ್ಲಿಫರ್ಡ್ 'ತಿದ್ದುಪಡಿ ಏನಾದ್ರೂ ಇದೆಯಾ?' ಅಂದ. ಹಿಂದಿನವರು 'ಇಲ್ಲ' ಅನ್ನೋ ಮೊದಲೇ ನಾನು 'ಇದೆ' ಅಂದೆ.

'ವಿನಿಫ್ರೆಡ್, ಇದನ್ನ ಬರೆದವಳು ನೀನೇ ಅಲ್ವಾ?' ಅಂದ.

'ನಾನೇ. ಅದಕ್ಕೇ ನಾನೇ ಹೇಳ್ತಿದ್ದೀನಿ. ಡೆಸ್ ವೇಗವಾಗಿ ಹೋಗಲಿಲ್ಲ. ಪೀಪಾಯಿ ಜಾಗದಲ್ಲಿರಲಿಲ್ಲ.'

ಟಲ್ಲೋಕ್ ಅಜ್ಜಿ ಎದ್ದೇಬಿಟ್ಟಳು. ಎಂಬತ್ತನಾಲ್ಕು ಆದ್ರೂ ಆ ಗಂಟಲು ನೋಡಬೇಕು! 'ಆರ್ಚಿ ಪೀಪಾಯಿ ತಪ್ಪಿಡ್ತಾನಾ? ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಅಂದ್ರೂ ನಂಬ್ತೀನಿ, ಇದನ್ನ ನಂಬಲ್ಲ!'

ಆರ್ಚಿ ಮೆಲ್ಲಗೆ ಎದ್ದ. ನಾನು ಕೋಟು ಹಿಡಿದು ಕೂರಿಸೋಕೆ ನೋಡಿದೆ, ಕೈ ಬಿಡಿಸಿಕೊಂಡ. 'ತಪ್ಪಿಟ್ಟದ್ದು ನಾನೇ ಅಜ್ಜಿ. ಈಗೀಗ ಯಾವ ಚಿಮಣಿ ಯಾರದು ಅಂತ ನನಗೆ ನೆನಪಿರಲ್ಲ. ಕೆಲವು ದಿನ ನಿಮ್ಮ ಹೆಸರುಗಳೂ ಇರಲ್ಲ. ಡೆಸ್ ಚೆನ್ನಾಗೇ ದೋಣಿ ಓಡಿಸ್ತಾನೆ. ಅವನಿಗೆ ಯಾರಾದ್ರೂ ಹೇಳಿ' ಅಂದು ಕೂತ.

ಅಜ್ಜಿ ಕೋಲೂರಿಕೊಂಡು ಬಂದು ತನ್ನ ಟಾರ್ಟನ್ನ ಅವನ ತಟ್ಟೆಗೆ ಹಾಕಿ, 'ನನ್ನ ಚಿಮಣಿಗೆ ಕೆಂಪು ಬಣ್ಣ ಹೊಡೆಸ್ತೀನಿ, ಆಗ ಮರೆತರೆ ಕಿವಿ ಹಿಂಡ್ತೀನಿ' ಅಂದಳು. ನಾನು ಅತ್ತುಬಿಟ್ಟೆ ಮಾರ್ಗೋ, ಎಲ್ಲರೆದುರಿಗೇ ಅತ್ತುಬಿಟ್ಟೆ. ಕ್ಲಿಫರ್ಡ್ ಕನ್ನಡಕ ಒರೆಸ್ತಾ ಒರೆಸ್ತಾ ತಿದ್ದುಪಡಿ ಓದಿದ. ಎಲ್ಲರೂ ಕೈ ಎತ್ತಿದರು. ಅದರ ಪ್ರತಿಯನ್ನೂ, ಸಂಘದವರು ಡೆಸ್‌ಗೆ ಬರೆದ ಕ್ಷಮೆಯ ಕಾಗದವನ್ನೂ ಇದರ ಜೊತೆ ಇಟ್ಟಿದ್ದೀನಿ. ಮುಂದಿನ ವರ್ಷ ಪೀಪಾಯಿ ಬಿಡೋ ಕೆಲಸ ಕ್ಲಿಫರ್ಡ್‌ದು. ಆರ್ಚಿನೂ ದೋಣಿಯಲ್ಲಿ ಇರಲೇಬೇಕು ಅಂತ ಅಜ್ಜಿ ಹಟ ಹಿಡಿದು ಅದನ್ನೂ ನಡಾವಳಿಗೆ ಸೇರಿಸಿದಳು. ಆಮೇಲೆ ಎಂದಿನ ಹಾಗೆ ಲೂನ್ ಹಕ್ಕಿಗಳ ಲೆಕ್ಕ (ಈ ವರ್ಷ ಒಂಬತ್ತು), ತೂಬಿಗೆ ಕಟ್ಟಿಗೆ ಜಡಿದ ಬೀವರ್ ಪ್ರಾಣಿಯ ಮೇಲೆ ಎಲ್ಲರ ದೂರು.

ಕಾಟೇಜ್ ಮಾರ್ತೀವಿ ಅಂತ ಬರೆದಿದ್ದೆಯಲ್ಲ, ಈ ಕಾಗದ ಓದಿದ ಮೇಲೆ ಇನ್ನೊಮ್ಮೆ ಯೋಚಿಸು. ಡೆಸ್ ತಲೆ ಎತ್ತಿಕೊಂಡು ಈ ಹಾಲ್‌ಗೆ ಬರಬಹುದು. ದೇವರು ಅವನ ಕಾಲಿಗೆ ಬಲ ಕೊಡಲಿ, ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ,
ವಿನ್ನಿ

ಇನ್ನೊಂದು ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೀನಿ. ಈ ಕಾಗದಕ್ಕೂ ಒಂದು ತಿದ್ದುಪಡಿ ಇದೆ. ಮೇ ತಿಂಗಳಲ್ಲಿ ಅರ್ಥವಾಯ್ತು ಅಂತ ಬರೆದದ್ದು ಸುಳ್ಳು. ಹೋದ ವರ್ಷವೂ ದೋಣಿಯಲ್ಲಿ ಲಂಗರುಕಲ್ಲು ನನ್ನ ತೊಡೆಯ ಮೇಲೇ ಇತ್ತು. ಅವನು ತಪ್ಪು ಚಿಮಣಿಗೆ ಹಿಡಿದದ್ದನ್ನ ನಾನು ನೋಡಿದೆ. ಅದರ ಹಿಂದಿನ ವಾರವಷ್ಟೇ ಅಂಗಡಿಯಲ್ಲಿ ನಾಲ್ಕು ಜನರೆದುರು ಅವನ ತಪ್ಪು ತಿದ್ದಿದ್ದೆ, ಅವನು ಸೌದೆಮನೆಗೆ ಹೋಗಿ ಕೂತು ಅತ್ತಿದ್ದ. ಪೀಪಾಯಿ ಬಿಡೋ ದಿನ ಖುಷಿಯಾಗಿ ಸಿಳ್ಳೆ ಹೊಡೀತಾ ಇದ್ದ. ನಾಳೆ ಹೇಳೋಣ ಅಂದುಕೊಂಡು ಕಲ್ಲು ಬಿಟ್ಟೆ. ನಾಳೆ, ನಾಳೆ ಅಂತ ಹತ್ತು ದಿನ ಹೋಯ್ತು. ಹನ್ನೊಂದನೇ ದಿನ ಡೆಸ್ ಬಡಿದ. ಆಮೇಲೆ 'ಅತಿವೇಗ' ಅಂತ ಬರೆದದ್ದೂ ಈ ಕೈಯೇ. ಶನಿವಾರ ಕಲ್ಲು ಬಿಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ. ಆರ್ಚಿ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡು ಟಾರ್ಟ್ ತಿಂದ, ನಾನು ಬಾಯಿ ಬಿಡಲಿಲ್ಲ. ನೀನು ಕೇಳಿದ್ದಕ್ಕೆ ಉತ್ತರ: ಡೆಸ್‌ನ ನಂಬ್ತೀನಿ ಮಾರ್ಗೋ. ಮೊದಲ ದಿನದಿಂದಲೂ ನಂಬಿದ್ದೆ.